ಕೈವಾರ ಯಾಕೆ ತಂದಿಲ್ಲ?

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ವಾರ ರೇಖಾಗಣಿತದ ಹೋಂವರ್ಕ್ ಮಾಡಿರಲಿಲ್ಲ. ಉಳಿದ ಲೆಕ್ಕಗಳನ್ನೆಲ್ಲ ಚೆನ್ನಾಗಿಯೇ ಮಾಡುತ್ತಿದ್ದಳು. ವೃತ್ತ, ತ್ರಿಭುಜ ಬಂದ ಕಡೆ ಮಾತ್ರ ಪುಟ ಖಾಲಿ. "ಕೈವಾರ ಯಾಕೆ ತಂದಿಲ್ಲ?" ಅಂತ ದಿನಾ ಕೇಳಿದೆ, ಬೈದೆ. ಒಂದು ದಿನ ಕ್ಲಾಸಿನ ಹೊರಗೂ ನಿಲ್ಲಿಸಿದೆ. ತಲೆ ತಗ್ಗಿಸಿ ನಿಂತಳೇ ಹೊರತು ಒಂದು ಮಾತು ಆಡಲಿಲ್ಲ. ನಾಲ್ಕನೇ ವಾರ ಶಾಲೆಗೇ ಬರಲಿಲ್ಲ. ಹೊಟ್ಟೆನೋವು ಅಂತ ಜೊತೆಯವರು ಹೇಳಿದರು.

ಅವಳು ಬಾಲಮಂದಿರದ ಹುಡುಗಿ, ಅಂದರೆ ಮನೆಯಲ್ಲಿ ಪಾಲನೆ, ರಕ್ಷಣೆ ಸಿಗದ ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗದವಳು. ಮೂರು ದಿನ ಕಾದು ಸಂಜೆ ನಾನೇ ಅಲ್ಲಿಗೆ ಹೋದೆ. ಅಲ್ಲಿನ ರಕ್ಷಕಿ ಸೊಂಟದ ಬೀಗದಕೈ ತೆಗೆದು ಒಂದು ಬೀರು ತೆರೆದು ತೋರಿಸಿದರು. ಒಳಗೆ ಸಾಲಾಗಿ ಜಾಮಿಟ್ರಿ ಬಾಕ್ಸುಗಳು. ಒಂದೊಂದರ ಮೇಲೂ ಹೆಸರಿನ ಚೀಟಿ. "ಚೂಪಾದ ಸಾಮಾನು ಮಕ್ಕಳ ಹತ್ತಿರ ಇಡಲ್ಲ ಮೇಡಂ. ಹಿಂದೆ ಒಬ್ಬಳು ಕೈ ಕುಯ್ದುಕೊಂಡಿದ್ದಳು" ಎಂದರು.

ಅವರ ಭಯ ನಿಜವಾದದ್ದು. ಏನೇನೋ ಅನುಭವಿಸಿ ಬಂದ ಮಕ್ಕಳನ್ನು ರಾತ್ರಿಯಿಡೀ ಕಾಯುವವರು ಅವರು. ಆದರೆ ಆ ಮಗು ಇದನ್ನು ನನಗೆ ಹೇಗೆ ಹೇಳಬೇಕಿತ್ತು? ನಲವತ್ತು ಮಕ್ಕಳ ಎದುರು ಎದ್ದು ನಿಂತು, "ನಮ್ಮನ್ನು ನಂಬಿ ಕೈವಾರ ಕೊಡಲ್ಲ ಮಿಸ್" ಅನ್ನಬೇಕಿತ್ತಾ? ಹೊಟ್ಟೆನೋವು ಅನ್ನುವುದೇ ಅವಳಿಗೆ ಸುಲಭವಾಗಿತ್ತು. ಇವತ್ತಿಗೂ ಆ ಹೊರಗೆ ನಿಲ್ಲಿಸಿದ ದಿನ ನೆನೆದರೆ ನನಗೆ ಸಂಕಟವಾಗುತ್ತದೆ.

ಮಾರನೇ ದಿನ ಆ ಬಾಕ್ಸುಗಳನ್ನೆಲ್ಲ ನಮ್ಮ ಸ್ಟಾಫ್ ರೂಮಿಗೆ ತಂದಿಟ್ಟೆವು. ಬಿಸಿಯೂಟ ಆದಮೇಲೆ ಇಪ್ಪತ್ತು ನಿಮಿಷ, ಜಗಲಿಯ ಮೇಲೆ ಕೂತು ರೇಖಾಗಣಿತ. ಊರಿನ ಮಕ್ಕಳೂ ಬಂದು ಕೂರತೊಡಗಿದರು. ಅವಳ ಮೊದಲ ವೃತ್ತ ನನಗೆ ಚೆನ್ನಾಗಿ ನೆನಪಿದೆ. ಕೈವಾರದ ಮುಳ್ಳನ್ನು ಎಷ್ಟು ಒತ್ತಿದ್ದಳೆಂದರೆ ಹಾಳೆ ತೂತಾಗಿತ್ತು.

ಬಾಲಮಂದಿರದ ಮಕ್ಕಳು ಶಾಲೆ ಬಿಟ್ಟರೆ "ಅವರಿಗೆ ಓದಿನ ಮೇಲೆ ಆಸಕ್ತಿ ಇಲ್ಲ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಇಷ್ಟು ವರ್ಷ ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಶಾಲೆಗೂ ಮಂದಿರಕ್ಕೂ ನಡುವೆ ಒಂದು ಸಂದು ಇರುತ್ತದೆ. ಮಗು ಜಾರುವುದು ಅಲ್ಲಿ. ಇಲ್ಲಿ ಹೋಂವರ್ಕ್ ಕೊಟ್ಟಿದ್ದು ಅಲ್ಲಿಗೆ ಗೊತ್ತಿರುವುದಿಲ್ಲ. ರಾತ್ರಿ ಹೊಸ ಮಗು ಬಂದು ಇಡೀ ಹಾಲ್ ನಿದ್ದೆಗೆಟ್ಟಿದ್ದು ಇಲ್ಲಿಗೆ ಗೊತ್ತಿರುವುದಿಲ್ಲ.

ಇನ್ನೂ ದೊಡ್ಡ ಸಂದು ಬರುವುದು ಮಗು ಊರು ಬದಲಿಸಿದಾಗ. ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬರುತ್ತದೆ. ಬೇರೆ ಜಿಲ್ಲೆಯ ಮಂದಿರಕ್ಕೋ, ಅಜ್ಜಿಯ ಮನೆಗೋ, ಸೋದರಮಾವನ ಜೊತೆಗೋ ಮಗು ಹೊರಡುತ್ತದೆ. ಅದು ಬೇಸಿಗೆ ರಜೆ ನೋಡಿಕೊಂಡು ಬರುವುದಿಲ್ಲ. ನವೆಂಬರಿನ ಒಂದು ಸೋಮವಾರ ಬೆಂಚು ಖಾಲಿ ಇರುತ್ತದೆ, ಅಷ್ಟೇ. ಬ್ಯಾಗಿನಲ್ಲಿ ಟಿ.ಸಿ. ಇರುವುದಿಲ್ಲ. ಶಾಲಾ ಮಕ್ಕಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಹೆಸರು ಹಳೆಯ ಶಾಲೆಯಲ್ಲೇ ಉಳಿದಿರುತ್ತದೆ. ಹೊಸ ಶಾಲೆಯವರು "ಟಿ.ಸಿ. ತಂದಮೇಲೆ ಬನ್ನಿ" ಅಂತಾರೆ. ಅಜ್ಜಿ ಎರಡು ಸಲ ಅಲೆದು ಸುಮ್ಮನಾಗುತ್ತಾರೆ. ಮಗು ದನ ಕಾಯಲೋ, ತಮ್ಮನನ್ನು ನೋಡಿಕೊಳ್ಳಲೋ ನಿಲ್ಲುತ್ತದೆ.

ಕಾನೂನು ಹೀಗೆ ಹೇಳುವುದೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ತೆಗೆದು ನೋಡಿ. ಎಂಟನೇ ಕ್ಲಾಸಿನವರೆಗೆ, ಟಿ.ಸಿ. ತಡವಾಯಿತು ಅಂತ ಮಗುವಿನ ದಾಖಲಾತಿ ತಡ ಮಾಡುವಂತಿಲ್ಲ, ನಿರಾಕರಿಸುವಂತೂ ಇಲ್ಲ. ಹಳೆಯ ಶಾಲೆಯ ಹೆಡ್‌ಮಾಸ್ಟರು ಕೂಡಲೇ ಟಿ.ಸಿ. ಕೊಡಬೇಕು. ತಡ ಮಾಡಿದರೆ ಶಿಸ್ತುಕ್ರಮ ಎದುರಿಸಬೇಕು. ಅದೇ ಕಾಯ್ದೆಯ ಬೇರೆ ಸೆಕ್ಷನ್‌ಗಳ ಪ್ರಕಾರ ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಪಾಠದಲ್ಲಿ ಹಿಂದುಳಿದಿದ್ದರೆ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಇದು ಗೊತ್ತಿರಬೇಕಾದವರು ಯಾರು? ಅಜ್ಜಿಯಲ್ಲ, ನಾವು.

ಕೊರೊನಾ ಸಮಯದಲ್ಲಿ ಈ ಸಂದು ಎಷ್ಟು ದೊಡ್ಡದು ಅಂತ ಗೊತ್ತಾಯಿತು. ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿದ್ದ ಸುಮಾರು 2.27 ಲಕ್ಷ ಮಕ್ಕಳಲ್ಲಿ 1.45 ಲಕ್ಷಕ್ಕೂ ಜಾಸ್ತಿ ಮಕ್ಕಳನ್ನು ಮನೆಗಳಿಗೆ ಕಳಿಸಲಾಗಿತ್ತು. ಹಾಗೆ ಹೋದ ಮಕ್ಕಳ ಓದಿಗೆ, ಮನೆಯ ಸ್ಥಿತಿ ನೋಡಿ, ತಿಂಗಳಿಗೆ 2,000 ರೂಪಾಯಿ ಕೊಡಿ ಅಂತ 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಒಳ್ಳೆಯ ಆದೇಶ. ಆದರೆ ಹಣ ಬಂದರೂ ಯಾವ ಶಾಲೆಯ ಯಾವ ಬೆಂಚಿಗೆ ಆ ಮಗು ಹೋಗಬೇಕು ಅಂತ ತೋರಿಸಲು ಒಬ್ಬರು ಬೇಕಲ್ಲ.

ಇನ್ನೊಂದು ಮಾತು. ಅನುಕಂಪದ ಭರದಲ್ಲಿ ಈ ಮಕ್ಕಳನ್ನು ವೇದಿಕೆಗೆ ಕರೆದು "ಇವರು ಬಾಲಮಂದಿರದ ಮಕ್ಕಳು" ಅಂತ ಪರಿಚಯಿಸಬೇಡಿ, ದಯವಿಟ್ಟು. ನೋಟ್‌ಬುಕ್ ಹಂಚಿದ ಫೋಟೋ ಫೇಸ್‌ಬುಕ್ಕಿಗೆ ಹಾಕಬೇಡಿ. ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲ ನ್ಯಾಯ ಕಾಯ್ದೆಯೇ ತಡೆಯುತ್ತದೆ. ಹಾಜರಿ ಕರೆಯುವಾಗ ಅವರು ಬರೀ ಹೆಸರಾಗಿರಲಿ.

ಆ ಹುಡುಗಿಯೂ ಜನವರಿಯಲ್ಲಿ ಹೋದಳು. ಬೇರೆ ಜಿಲ್ಲೆ, ಚಿಕ್ಕಮ್ಮನ ಮನೆ. ಈ ಸಲ ನಾವು ಸುಮ್ಮನೆ ಕೂರಲಿಲ್ಲ. ಅವಳು ಹೊರಡುವ ಮುಂಚೆಯೇ ನಮ್ಮ ಎಚ್.ಎಂ. ಸರ್ ಟಿ.ಸಿ. ಬರೆದುಕೊಟ್ಟರು. ಸ್ಯಾಟ್ಸ್ ಕೆಲಸವನ್ನೂ ಮುಗಿಸಿದರು. ಯಾವ ಪಾಠದವರೆಗೆ ಆಗಿದೆ, ಎಲ್ಲಿ ತಡವರಿಸುತ್ತಾಳೆ, ಯಾವುದರಲ್ಲಿ ಜಾಣೆ ಅಂತ ಒಂದು ಪುಟ ಬರೆದು ನನ್ನ ನಂಬರ್ ಹಾಕಿ ಬ್ಯಾಗಿಗೆ ಇಟ್ಟೆ. ಅವಳ ಕಷ್ಟದ ಕಥೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದನ್ನು ಹೇಳುವುದು ಬಿಡುವುದು ಅವಳಿಗೆ ಬಿಟ್ಟಿದ್ದು.

ಹನ್ನೊಂದು ದಿನ ಆದಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಮೇಡಂ, ನಾನು ಇಲ್ಲಿನ ಗಣಿತದ ಮೇಷ್ಟ್ರು. ಹುಡುಗಿ ಬಂದಿದ್ದಾಳೆ, ಸೇರಿಸಿಕೊಂಡಿದ್ದೀವಿ. ಕೈವಾರ ಒಂದು ತಂದಿಲ್ಲ. ನಾನೇ ಕೊಡಿಸ್ತೀನಿ, ಪರವಾಗಿಲ್ಲ ತಾನೇ?"