ಸ್ಪಷ್ಟನೆ: ಟೇಪ್ ಒತ್ತಿದ ಕೂಡಲೇ ನಂಬರ್ ಪ್ಲೇಟ್ ಗಟ್ಟಿಯಾಗಿ ಕೂರುವುದಿಲ್ಲ

‘ಬಂಪರ್‌ಗೆ ತೂತು ಕೊರೆಯುವುದು ಬೇಡ, ಸ್ಕ್ರೂ ಬೇಡ. ಯಾವುದಾದರೂ ಡಬಲ್ ಸೈಡ್ ಟೇಪ್ ಒತ್ತಿ, ಹತ್ತು ನಿಮಿಷದಲ್ಲಿ ಗಾಡಿ ಹೊರಡಿಸಿ’ ಎಂಬ ಸಲಹೆ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಟೇಪ್ ಹಿಡಿಯುತ್ತದೆ, ಆದರೆ ಯಾವುದೋ ಟೇಪ್ ಅಲ್ಲ. ಫೋಟೊ ಅಂಟಿಸುವ ಮೆತ್ತನೆಯ ಸ್ಪಂಜಿನ ಟೇಪು ಬಿಸಿಲು ಮಳೆಗೆ ಸೋಲುತ್ತದೆ. ಬೇಕಾದದ್ದು ಹೊರಾಂಗಣಕ್ಕೆಂದೇ ತಯಾರಾದ ಅಕ್ರಿಲಿಕ್ ಫೋಮ್ ಟೇಪು. ಅದೂ ಒತ್ತಿದ ಇಪ್ಪತ್ತು ನಿಮಿಷಕ್ಕೆ ಸುಮಾರು ಅರ್ಧ ಬಲ ಪಡೆಯುತ್ತದೆ. ಪೂರ್ತಿ ಬಿಗಿಯಾಗಲು ಸಾಮಾನ್ಯ ತಾಪಮಾನದಲ್ಲಿ 72 ಗಂಟೆ ಬೇಕು. ಅಷ್ಟರೊಳಗೆ ವಾಟರ್ ವಾಶ್ ಮಾಡಿಸಲೇಬೇಡಿ.

ಇನ್ನೊಂದು ವಿಷಯ ಯಾರೂ ಹೇಳುತ್ತಿಲ್ಲ: ಹೊಳಪಿಗೆಂದು ಹಚ್ಚಿದ, ಬಂಪರ್ ಮೇಲಿನ ವ್ಯಾಕ್ಸ್. ಕಣ್ಣಿಗೆ ಕಾಣದ ಆ ಜಿಡ್ಡಿಗೇ ಟೇಪು ಅಂಟಿಕೊಳ್ಳುತ್ತದೆ, ಬಂಪರ್‌ಗಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ (ಒರೆಸಿ ಶುಚಿ ಮಾಡಲು ಬಳಸುವ ಸ್ಪಿರಿಟ್) ಅಷ್ಟೇ ನೀರು ಬೆರೆಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಉದ್ದಕ್ಕೂ ಬಲವಾಗಿ ಒತ್ತಿ. ಬಾಗಿದ ಬಂಪರ್ ಮೇಲೆ ಚಪ್ಪಟೆ ಪ್ಲೇಟನ್ನು ಬಗ್ಗಿಸಿ ಅಂಟಿಸಿದರೆ ಅದು ಸದಾ ನೆಟ್ಟಗಾಗಲು ಎಳೆಯುತ್ತಿರುತ್ತದೆ, ಮೂಲೆಗಳು ಮೊದಲು ಏಳುತ್ತವೆ. ಅಂಥಲ್ಲಿ ಫ್ರೇಮ್ ಅಥವಾ ಬ್ರಾಕೆಟ್ಟೇ ಸರಿ.

ನಂಬರ್ ಪ್ಲೇಟಿಗೆ ಕಳಚಲಾಗದ ಲಾಕ್ ಕಡ್ಡಾಯವಿರುವ ಕಡೆ ಟೇಪು ಎಷ್ಟೇ ಗಟ್ಟಿಯಿದ್ದರೂ ನಿಯಮಕ್ಕೆ ಸಲ್ಲದು.