ಇಟ್ಟ ತಾರೀಕು ಇದೆ, ತೆಗೆದ ತಾರೀಕು?

ಮೂರು ದಿನ ರಜೆ ಸಿಕ್ಕಿತು ಅಂತ ಮೆಲ್ಬರ್ನಿನಿಂದ ಗಿಪ್ಸ್‌ಲ್ಯಾಂಡ್ ಕಡೆಯ ಕಾಡಿಗೆ ಟೆಂಟು ಹೊತ್ತುಕೊಂಡು ಹೋಗಿದ್ವಿ. ಜೊತೆಗೆ ನಮ್ಮ ನಾಯಿ ಕರಿಯ. ಕಾಡಿನ ಬಾಯಲ್ಲೇ ಬೋರ್ಡು: ಕಾಡುನಾಯಿಗಳಿಗೆ ಮಾಂಸದ ತುಂಡಲ್ಲಿ 1080 ವಿಷ ಇಟ್ಟಿದೆ, ನಿಮ್ಮ ನಾಯಿ ತಿಂದರೆ ಸಾಯುತ್ತದೆ. ಮೂರು ದಿನವೂ ಕರಿಯನ ಹಗ್ಗ ಬಿಚ್ಚಲಿಲ್ಲ. ಅವನು ಏನು ಮೂಸಿದರೂ ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಈ 1080ಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಿಂದ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ನಾಯಿ ಚೆನ್ನಾಗೇ ಇರುತ್ತೆ. ಆಮೇಲೆ ಹುಚ್ಚು ಹಿಡಿದಂತೆ ಓಡುತ್ತೆ, ಊಳಿಡುತ್ತೆ, ಸೆಟೆದುಕೊಂಡು ಬೀಳುತ್ತೆ. ಇದಕ್ಕೆ ಪ್ರತಿವಿಷ ಅಂತ ಒಂದಿಲ್ಲ. ವಿಚಿತ್ರ ಏನಂದ್ರೆ, ಪಶ್ಚಿಮ ಆಸ್ಟ್ರೇಲಿಯಾದ ಕೆಲವು ಗಿಡಗಳಲ್ಲಿ ಇದೇ ವಿಷ ತಾನಾಗೇ ಇದೆ. ಅದನ್ನೇ ಮೇಯ್ದು ಬದುಕಿದ ಅಲ್ಲಿನ ಪ್ರಾಣಿಗಳು ತಡೆದುಕೊಳ್ಳುತ್ತವೆ. ನಾವಿರೋ ಈ ಪೂರ್ವದ ಕಡೆಯವಕ್ಕೆ ಅಷ್ಟು ತಾಕತ್ತಿಲ್ಲ.

ನಿಯಮ ಇಲ್ಲ ಅಂತಲ್ಲ. ಲೈಸೆನ್ಸು ಬೇಕು, ತರಬೇತಿ ಆಗಿರಬೇಕು, ಅಕ್ಕಪಕ್ಕದವರಿಗೆ ಹೇಳಬೇಕು, ಬೋರ್ಡು ಹಾಕಬೇಕು, ನೆಲದಲ್ಲಿ ಇಟ್ಟದ್ದನ್ನು ಹೂಳಬೇಕು. ನನ್ನ ತಕರಾರು ಬೇರೆ. ನಾವಿರೋ ವಿಕ್ಟೋರಿಯಾ ರಾಜ್ಯದಲ್ಲಿ ಡಿಂಗೋ (ನಾಯಿ ಜಾತಿಗೆ ಸೇರಿದ ಆಸ್ಟ್ರೇಲಿಯಾದ ಕಾಡುಪ್ರಾಣಿ) ಅಳಿವಿನ ಭೀತಿಯ ಪಟ್ಟಿ ಸೇರಿದ್ದು 2008ರಲ್ಲಿ. ಅದೇ ಡಿಂಗೋ ಪೂರ್ವ ಭಾಗದಲ್ಲಿ ಖಾಸಗಿ ಜಮೀನಿನ ಗಡಿಯಿಂದ 3 ಕಿ.ಮೀ. ಒಳಗಿನ ಸರ್ಕಾರಿ ಕಾಡಿಗೆ ಬಂತೋ, ಅದಕ್ಕೆ ರಕ್ಷಣೆ ಇಲ್ಲ. ಅಲ್ಲಿ ಅದರ ಹೆಸರೂ ಬದಲು, 'ಕಾಡುನಾಯಿ'. ಸಾಯೋದು ಅಪ್ಪಟ ಡಿಂಗೋ ಅಲ್ಲ, ಊರುನಾಯಿ ಜೊತೆ ಬೆರೆತ ತಳಿ ಅಂತ ಬಹಳ ಕಾಲ ಸಮಾಧಾನ ಹೇಳುತ್ತಿದ್ದರು. 2023ರಲ್ಲಿ ಬಂದ ಡಿಎನ್‌ಎ ಅಧ್ಯಯನ ನೋಡಿದರೆ ಇಲ್ಲಿ ಪರೀಕ್ಷೆ ಮಾಡಿದವುಗಳಲ್ಲಿ ಬಹುಪಾಲು ಅಪ್ಪಟ ಡಿಂಗೋಗಳೇ. 2024ರಲ್ಲಿ ವಾಯವ್ಯ ಭಾಗದ ಡಿಂಗೋಗಳಿಗೆ ರಕ್ಷಣೆ ವಾಪಸ್ ಸಿಕ್ಕಿತು, ಅಲ್ಲಿ ಉಳಿದಿದ್ದೇ ಬೆರಳೆಣಿಕೆಯಷ್ಟು ಅನ್ನೋ ಕಾರಣಕ್ಕೆ. ಪೂರ್ವದವೂ ಅಷ್ಟಕ್ಕೇ ಇಳಿಯಲಿ ಅಂತ ಕಾಯಬೇಕಾ?

ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಮುದುಕ ಕುರಿ ಸಾಕೋನು. ಒಂದೇ ರಾತ್ರಿ ಕಾಡುನಾಯಿಗಳ ಬಾಯಿಗೆ ಹನ್ನೊಂದು ಕುರಿ ಹೋದವಂತೆ. ತಿಂದದ್ದು ಒಂದೋ ಎರಡೋ, ಮಿಕ್ಕವನ್ನು ಸೀಳಿ ಹಾಗೇ ಬಿಟ್ಟಿದ್ದವು. ಜೀವ ಇದ್ದವನ್ನು ತಾನೇ ಗುಂಡು ಹಾರಿಸಿ ಕೊಂದೆ ಅಂದು ಸುಮ್ಮನಾದ. ನಾನು ಹನೂರು ಕಡೆಯವನು, ಚಿರತೆ ಮೇಕೆ ಹೊತ್ತೊಯ್ದ ಬೆಳಗ್ಗೆ ನಮ್ಮವ್ವ ಹೇಗೆ ಕೂತಿದ್ದಳು ಅಂತ ಗೊತ್ತು. ಆ ಮುದುಕನಿಗೆ ಪಾಠ ಹೇಳೋ ಮುಖ ನನಗಿಲ್ಲ. ಕಾವಲಿಗೆ ಮಾರೆಮ್ಮಾ ನಾಯಿ ಸಾಕಬಹುದಲ್ವಾ ಅಂದೆ (ಮಾರಮ್ಮ ಅಲ್ಲ ಕಣ್ರಪ್ಪ, ಇಟಲಿಯ ಕುರಿಗಾವಲು ತಳಿ). ನಕ್ಕು, 'ನನ್ನ ಗುಡ್ಡ ನೋಡಿದ್ದೀಯಾ?' ಅಂದ.

ಆದರೆ 2025ರ ಜೂನಿನಲ್ಲಿ ನಮ್ಮ ಮಹದೇಶ್ವರ ಬೆಟ್ಟದ ಕಾಡಲ್ಲಿ, ಹೂಗ್ಯಂ ವಲಯದಲ್ಲಿ ಆದದ್ದೂ ಮರೆತಿಲ್ಲ. ವಿಷ ಹಾಕಿದ್ದ ಹಸುವಿನ ಹೆಣ ತಿಂದು ತಾಯಿಹುಲಿ, ನಾಲ್ಕು ಮರಿ, ಐದೂ ಸತ್ತವು. ಅಲ್ಲಿ ಅದು ಅಪರಾಧ, ಇಲ್ಲಿ ಇದು ಪರವಾನಗಿ ಪಡೆದ ಕೆಲಸ. ಎರಡೂ ಒಂದೇ ಅಂತ ನಾನು ಹೇಳಲ್ಲ. ಆದರೆ ಬಾಯಿ ಹಾಕೋದು ಯಾರು ಅನ್ನೋದು ವಿಷ ಇಟ್ಟವನ ಕೈಲಿಲ್ಲ, ಎರಡು ಕಡೆಯೂ.

ನಾನು ಕೇಳೋದು ಇಷ್ಟೇ. ಸ್ವಂತ ಜಮೀನಿನ ಮಾತು ಬೇರೆ. ಎಲ್ಲರಿಗೂ ಸೇರಿದ ಕಾಡಲ್ಲಿ ವಿಷದ ಒಂದೊಂದು ತುಂಡಿಗೂ ಲೆಕ್ಕ ಬೇಕು: ಎಷ್ಟು ಇಟ್ಟರು, ಎಷ್ಟು ಮಾಯವಾದವು, ಎಷ್ಟು ವಾಪಸ್ ತೆಗೆದರು. ಆ ಲೆಕ್ಕ ಜನರಿಗೆ ಕಾಣಬೇಕು. ಹೆಲಿಕಾಪ್ಟರಿನಿಂದ ಉದುರಿಸಿದ್ದನ್ನು ಯಾರೂ ಹೆಕ್ಕಿ ತರೋಕಾಗಲ್ಲ, ಹಾಗಾಗಿ ಅದು ಬೇಡವೇ ಬೇಡ. 1080ರ ಬದಲು ಇಡೋ ಪ್ಯಾಪ್ ಅನ್ನೋ ಇನ್ನೊಂದು ವಿಷಕ್ಕೆ ಪ್ರತಿವಿಷ ಇದೆ ನಿಜ, ಆದರೆ ನಾಯಿಯನ್ನು ಡಾಕ್ಟರ ಹತ್ತಿರ ಮುಟ್ಟಿಸೋಕೆ ಟೈಮ್ ಸಿಗಬೇಕಲ್ಲ. ಅಲ್ಲದೆ ಅದನ್ನು ತಿಂದರೆ ಇಲ್ಲಿನ ಉಡಗಳೂ ಉಳಿಯಲ್ಲ.

ವಾಪಸ್ ಬರುವಾಗ ಬೋರ್ಡಿನ ಹತ್ತಿರ ಕಾರು ನಿಲ್ಲಿಸಿ ಇನ್ನೊಮ್ಮೆ ಓದಿದೆ. ವಿಷ ಇಟ್ಟ ತಾರೀಕು ಸ್ಪಷ್ಟವಾಗಿತ್ತು. ತೆಗೆಯೋ ತಾರೀಕು ಬರೆಯೋ ಜಾಗದಲ್ಲಿ ಶಾಯಿ ಮಳೆಗೆ ಕರಗಿ ಕೆಳಗಿಳಿದಿತ್ತು. ಕರಿಯ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದ.