ಸ್ಪ್ರೈಟ್ ಬೆರೆಸಿದ ಪಾಪಿಗಳು

ವಿಸ್ಕಿಗೆ ಸ್ಪ್ರೈಟ್ ಹಾಕುವವರು ಅನಾಗರಿಕರು ಅಂತ ಇನ್ನೊಬ್ಬ ಗಡ್ಡದ ಪಂಡಿತರು ರೀಲ್ಸಿನಲ್ಲಿ ಅಪ್ಪಣೆ ಕೊಡಿಸಿದ್ದಾರೆ. ನೀವೂ ನೋಡಿರ್ತೀರಿ. ಸಪೂರ ಗ್ಲಾಸಿನೊಳಗೆ ಮೂಗು, ಅರ್ಧ ಮುಚ್ಚಿದ ಕಣ್ಣು, "ಓಕ್, ವೆನಿಲ್ಲಾ, ಸ್ವಲ್ಪ ಹೊಗೆ" ಅನ್ನೋ ಮಂತ್ರ. ಎರಡು ಹನಿ ನೀರಿಗಿಂತ ಜಾಸ್ತಿ ಏನು ಬಿದ್ದರೂ ಮಹಾಪಾಪವಂತೆ.

ಆಗಲಿ ಸ್ವಾಮಿ. ಅದೇ ಮೂಗನ್ನು ನಮ್ಮ ವೈನ್ ಸ್ಟೋರಿನ ನೈಂಟಿ (90 ಎಂಎಲ್) ವಿಸ್ಕಿ ಪ್ಯಾಕೆಟ್ಟಿಗೂ ಒಮ್ಮೆ ಇಡಿ. ನಮ್ಮಲ್ಲಿ ಅಗ್ಗದ ವಿಸ್ಕಿ ಅಂದ್ರೆ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ (ಮೊಲಾಸಿಸ್) ಇಳಿಸಿದ ಸ್ಪಿರಿಟ್ಟು, ಬಣ್ಣಕ್ಕೊಂದಿಷ್ಟು ಕ್ಯಾರಮೆಲ್. ಯುರೋಪಿನಲ್ಲಿ ಇದನ್ನು ವಿಸ್ಕಿ ಅಂತ ಮಾರುವ ಹಾಗೇ ಇಲ್ಲ. ಅಲ್ಲಿ ಧಾನ್ಯದಿಂದಲೇ ಮಾಡಬೇಕು, ಮೂರು ವರ್ಷ ಮರದ ಪೀಪಾಯಿಯಲ್ಲಿ ಇಡಬೇಕು. ಇನ್ನು ಸ್ಪ್ರೈಟಿನಲ್ಲೂ ಸಕ್ಕರೆಯೇ. ಕಬ್ಬಿನ ಮನೆಯ ಹುಡುಗನಿಗೆ ಕಬ್ಬಿನ ಮನೆಯದೇ ಹುಡುಗಿ, ಸೋದರ ಸಂಬಂಧ. ಮಧ್ಯೆ ನಿಮ್ಮದೇನು ತಕರಾರು?

ಇದೇ ಪಂಡಿತರು ಇಂದಿರಾನಗರದ ಬಾರಿನಲ್ಲಿ ವಿಸ್ಕಿ, ನಿಂಬೆರಸ, ಸಕ್ಕರೆ ಕಲಸಿಕೊಟ್ಟರೆ 'ವಿಸ್ಕಿ ಸೌರ್' ಅಂತ ಫೋಟೋ ಹಾಕಿ, ಸರ್ವಿಸ್ ಚಾರ್ಜೂ ಕೊಟ್ಟು ಬರ್ತಾರೆ. ಅಮೆರಿಕದವರು ಸೀಗ್ರಾಮ್ಸ್ ಸೆವೆನ್ ವಿಸ್ಕಿಗೆ ಸೆವೆನ್ ಅಪ್ ಸುರಿದು 'ಸೆವೆನ್ ಆಂಡ್ ಸೆವೆನ್' ಅಂತ ಹೆಸರಿಟ್ಟು 1970ರ ದಶಕದಲ್ಲಿ ಮನಸಾರೆ ಕುಡಿದರು. ಅದು ಸಂಸ್ಕೃತಿ. ನಮ್ಮ ಗಾರೆ ಕೆಲಸದವನು ಸ್ಪ್ರೈಟ್ ಬಾಟಲಿಯಿಂದ ಮೂರು ಗುಟುಕು ಕುಡಿದು ಜಾಗ ಮಾಡಿ, ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ, ಒಂದು ತೊಟ್ಟೂ ಚೆಲ್ಲದೆ ಒಳಗಿಳಿಸಿ, ಮುಚ್ಚಳ ತಿರುಗಿಸಿ ಮೆಲ್ಲಗೆ ಬೋರಲು ಹಾಕ್ತಾನೆ. ಅಲ್ಲಾಡಿಸಲ್ಲ, ಗ್ಯಾಸ್ ಹೋಗುತ್ತೆ. ಆ ಕೈಚಳಕಕ್ಕೆ ಟಿಪ್ಸ್ ಕೊಡುವವರಿಲ್ಲ.

ತೆರಿಗೆಯ ತಮಾಷೆ ಬೇರೆ. ಸಕ್ಕರೆ ಹಾಕಿದ ಗ್ಯಾಸಿನ ಪಾನೀಯಕ್ಕೆ ಈಗ ಶೇ 40 ಜಿಎಸ್‌ಟಿ, 'ಪಾಪದ ಸರಕು' ಅನ್ನೋ ಬಿರುದು. ಪಕ್ಕದ ವಿಸ್ಕಿ ಜಿಎಸ್‌ಟಿಯೊಳಗೇ ಇಲ್ಲ, ಅದು ರಾಜ್ಯದ ಅಬಕಾರಿ ಸೊತ್ತು. ಅಂದ್ರೆ ಆ ಒಂದು ಬಾಟಲಿಯಲ್ಲಿ ನಿಂಬೆಯ ಪಾಪ ದೆಹಲಿಗೂ ಬೆಂಗಳೂರಿಗೂ ಪಾಲು, ಕಾಕಂಬಿಯ ಪಾಪ ಪೂರ್ತಿ ಬೆಂಗಳೂರಿಗೆ. ಒಕ್ಕೂಟ ವ್ಯವಸ್ಥೆ ಇಷ್ಟು ಸಲೀಸಾಗಿ ಇನ್ನೆಲ್ಲೂ ಕರಗಿದ್ದು ನಾನಂತೂ ಕಂಡಿಲ್ಲ.

2023ರಲ್ಲಿ ನಮ್ಮ ರಾಜ್ಯ ಸರ್ಕಾರ ಮದ್ಯದ 18 ಬೆಲೆ ಸ್ಲ್ಯಾಬಿಗೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20 ಏರಿಸಿತು. 2025-26ಕ್ಕೆ ಅಬಕಾರಿ ಇಲಾಖೆಯ ಗುರಿ 40,000 ಕೋಟಿ ರೂಪಾಯಿ ಇತ್ತು. ಇದೇ ಸರ್ಕಾರದ್ದು ಇನ್ನೊಂದು ಮಂಡಳಿ, ಹೆಸರು ಮದ್ಯಪಾನ ಸಂಯಮ ಮಂಡಳಿ. ಒಂದು ಕೈ ಕುಡಿ ಅನ್ನುತ್ತೆ, ಇನ್ನೊಂದು ಬೇಡ ಅನ್ನುತ್ತೆ, ದುಡ್ಡು ಎಣಿಸುವಾಗ ಎರಡೂ ಒಂದೇ.

ಸಾಕಾಗಿದೆ ರೀ. ಆ ಗಾರೆ ಕೆಲಸದವನು ಸ್ಪ್ರೈಟ್ ಹಾಕೋದು ರುಚಿಗೆಟ್ಟು ಅಲ್ಲ. ಹಾಗೇ ಕುಡಿದರೆ ಗಂಟಲು ಸುಡುತ್ತೆ. ಬಾರಿನಲ್ಲಿ ಕೂರೋಕೆ ದುಡ್ಡಿಲ್ಲ, ವೈನ್ ಸ್ಟೋರಿನಲ್ಲಿ ಪಾರ್ಸೆಲ್ ಮಾತ್ರ, ಹೊರಗೆ ನಿಂತರೆ ಪೊಲೀಸರ ಲಾಠಿ. ಐದೇ ನಿಮಿಷದಲ್ಲಿ ಒಳಗಿಳಿಯಬೇಕು. ಅಂಥವನಿಗೆ ರುಚಿಯ ಪಾಠ ಹೇಳೋಕೆ ನಾಚಿಕೆ ಆಗಲ್ವಾ? ಕಾಳಜಿ ಅಷ್ಟೊಂದು ಉಕ್ಕುತ್ತಿದ್ದರೆ, ಆ ಪ್ಯಾಕೆಟ್ಟಿನ ಮೇಲೆ 'ಕಾಕಂಬಿ' ಅಂತ ದಪ್ಪಕ್ಷರದಲ್ಲಿ ಬರೆಸಿ, ನೋಡೋಣ.